ಗಾಲ್ಫಿನವರದು ಅಭಿರುಚಿ, ಸುಲಿಯುವವರದು ಹಠ

ಗಾಲ್ಫ್ ಆಟಗಾರರ ಚೀಲದಲ್ಲಿ 14 ಕೋಲುಗಳಿರಬಹುದು, ಅದಕ್ಕಿಂತ ಒಂದೂ ಹೆಚ್ಚಿರುವಂತಿಲ್ಲ ಎನ್ನುವುದು ಆ ಆಟದ ನಿಯಮ. ಚೆಂಡನ್ನು ದೂರಕ್ಕೆ ಹಾರಿಸುವ ಕೋಲುಗಳನ್ನು ಹೊಸ ಮಾದರಿ ಬಂದ ಹಾಗೆಲ್ಲ ಬದಲಾಯಿಸುವವರು ಕೂಡ ಒಂದು ಕೋಲಿನ ವಿಷಯಕ್ಕೆ ಬಂದರೆ ಜಗ್ಗುವುದಿಲ್ಲ. ಅದು ಪಟರ್. ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಕೋಲು. 72 ಹೊಡೆತಗಳ ಮೈದಾನವೆಂದರೆ ಲೆಕ್ಕದ ಪ್ರಕಾರ ಅದರಲ್ಲಿ ಅರ್ಧ, ಅಂದರೆ 36 ಹೊಡೆತ ಪಟರಿನದೇ. ಹಾಗಾಗಿ ಕೈಗೆ ಒಗ್ಗಿದ ಪಟರನ್ನು ಆಟಗಾರರು ಹತ್ತು, ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತಾರೆ. ಹಿಡಿಯ ತೊಗಲು ಸವೆದರೆ ಹೊಸದು ಸುತ್ತಿಸುತ್ತಾರೆ, ತೂಕ ಸಾಲದಿದ್ದರೆ ತಲೆಗೆ ಸೀಸದ ಪಟ್ಟಿ ಅಂಟಿಸುತ್ತಾರೆ. ಕೋಲನ್ನು ಮಾತ್ರ ಬಿಡುವುದಿಲ್ಲ.

ಇವುಗಳಲ್ಲಿ ಮ್ಯಾಲೆಟ್ ಎಂಬ ಜಾತಿಯದು ಇನ್ನೂ ಸ್ವಾರಸ್ಯದ್ದು. ಮ್ಯಾಲೆಟ್ ಅಂದರೆ ನಮ್ಮ ಕೊಡತಿ. ಉಳಿದ ಪಟರುಗಳ ತಲೆ ಕತ್ತಿಯ ಅಲಗಿನಂತೆ ತೆಳ್ಳಗಿದ್ದರೆ ಇದರ ತಲೆ ಹಿಂದಕ್ಕೆ ದಪ್ಪವಾಗಿ ಚಾಚಿಕೊಂಡಿರುತ್ತದೆ. ತೂಕ ಹಿಂದಕ್ಕೂ ಅಂಚಿಗೂ ಹಂಚಿಕೊಂಡಿರುವುದರಿಂದ ಚೆಂಡು ನಟ್ಟನಡುವೆ ತಾಗದಿದ್ದರೂ ತಲೆ ತಿರುಚಿಕೊಳ್ಳುವುದು ಕಡಿಮೆ. 1903ರಲ್ಲಿ ಅಮೆರಿಕದ ಸ್ಕೆನೆಕ್ಟಡಿ ಊರಿನ ಎಂಜಿನಿಯರ್ ಆರ್ಥರ್ ನೈಟ್ ಇಂಥದ್ದೊಂದು ಅಲ್ಯೂಮಿನಿಯಂ ತಲೆಯ ಪಟರಿಗೆ ಪೇಟೆಂಟ್ ಪಡೆದ. ಮರುವರ್ಷ, 1904ರಲ್ಲಿ, ವಾಲ್ಟರ್ ಟ್ರಾವಿಸ್ ಅದನ್ನು ಹಿಡಿದು ಹೋಗಿ ಇಂಗ್ಲೆಂಡಿನವರ ಅಂಗಳದಲ್ಲೇ ಬ್ರಿಟಿಷ್ ಅಮೆಚೂರ್ ಪಂದ್ಯ ಗೆದ್ದ. 1910ರಲ್ಲಿ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಶಿಯೆಂಟ್ ಕ್ಲಬ್ಬು ಈ ಜಾತಿಯ ಪಟರನ್ನೇ ನಿಷೇಧಿಸಿತು. ಅಮೆರಿಕದವರು ಆ ನಿಷೇಧವನ್ನು ಒಪ್ಪಲಿಲ್ಲ. 1951ರಲ್ಲಿ ಎರಡು ದೇಶದವರೂ ಕೂತು ನಿಯಮಗಳನ್ನು ಒಂದು ಮಾಡಿಕೊಂಡಾಗಲೇ ಅದು ತೆರವಾದದ್ದು. 1986ರಲ್ಲಿ 46 ವಯಸ್ಸಿನ ಜಾಕ್ ನಿಕ್ಲಾಸ್ ಅಗಸ್ಟಾದ ಮಾಸ್ಟರ್ಸ್ ಪಂದ್ಯವನ್ನು ಆರನೆಯ ಸಲ ಗೆದ್ದಾಗ ಅವನ ಕೈಯಲ್ಲಿದ್ದದ್ದೂ ನೋಡಿದವರು ನಗುವಷ್ಟು ದೊಡ್ಡ ತಲೆಯ, ಮ್ಯಾಕ್‌ಗ್ರೆಗರ್ ಕಂಪನಿಯ ಹೊಸ ಪಟರ್. ಇವತ್ತು ಅದೇ ಪಟರನ್ನು ಹುಡುಕಿ ಕೊಳ್ಳುವವರಿದ್ದಾರೆ. ಒಮ್ಮೆ ನಿಷೇಧಕ್ಕೆ, ಇನ್ನೊಮ್ಮೆ ನಗೆಗೆ ಗುರಿಯಾದದ್ದು ಈಗ ಅಭಿಜಾತವಾಗಿ ಕೂತಿದೆ.

ನಾನು ಪಟರ್ ಹಿಡಿದವರ ಪೈಕಿಯಲ್ಲ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆ, ಅದರ ಬೇಲಿಯ ಹೊರಗೆ ಬಸ್ಸಿನಲ್ಲಿ ಹೋದದ್ದಷ್ಟೇ ನನ್ನ ಸಂಬಂಧ. ನನ್ನ ಸಂಶೋಧನೆ ಮಲೆನಾಡಿನ ಕನ್ನಡ ಗದ್ಯದಲ್ಲಿ ಕೆಲಸದ ಸಲಕರಣೆಗಳು ಹೇಗೆ ಬಂದಿವೆ ಎಂಬುದರ ಕುರಿತದ್ದು. ಸಲಕರಣೆಗೂ ಅದನ್ನು ಬಳಸುವ ಕೈಗೂ ಇರುವ ನಂಟಿನ ಬಗ್ಗೆ ಬೇರೆಯವರು ಹೇಗೆ ಬರೆದಿದ್ದಾರೆ ಎಂದು ಓದುತ್ತ ಹೋದಾಗ ಈ ಹಳೇ ಪಟರಿನ ಪ್ರೀತಿ ಎದುರಾಯಿತು. ಅದರ ಬಗ್ಗೆ ಬರೆಯುವವರು ಯಾರೂ ಆಟಗಾರರನ್ನು ಮೂಢರು ಎನ್ನುವುದಿಲ್ಲ. ಹೊಸ ಪಟರ್ ಬಂದಿರುವಾಗ ಹಳೆಯದನ್ನೇ ಹಿಡಿದುಕೊಂಡಿದ್ದಾರೆ, ಇವರಿಗೆ ತಿಳಿವಳಿಕೆ ಶಿಬಿರ ನಡೆಸಬೇಕು ಎನ್ನುವುದಿಲ್ಲ. ಅದಕ್ಕೆ 'ಫೀಲ್' ಎಂದು ಹೆಸರಿದೆ. ಚೆಂಡು ತಾಗಿದಾಗ ಬೆರಳಿಗೆ ಬರುವ ಸುದ್ದಿ, ಕಿವಿಗೆ ಬರುವ ಸದ್ದು, ಭುಜ ಎಷ್ಟು ತೂಗಿದರೆ ಚೆಂಡು ಎಷ್ಟು ದೂರ ಉರುಳುತ್ತದೆ ಎಂದು ಮೈಗೆ ಗೊತ್ತಿರುವ ಲೆಕ್ಕ, ಇಷ್ಟೂ ಸೇರಿ 'ಫೀಲ್'. ಅಳತೆಪಟ್ಟಿಯಲ್ಲಿ ತೋರಿಸಲು ಬಾರದ ಜ್ಞಾನ ಅದು ಎಂದು ಎಲ್ಲರೂ ಗೌರವದಿಂದ ಒಪ್ಪುತ್ತಾರೆ. ನನ್ನದೂ ಒಪ್ಪಿಗೆಯಿದೆ. ಅದೇ ಒಪ್ಪಿಗೆಯನ್ನು ನಾವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಚಪ್ಪರದ ಕೆಳಗೆ ಕೂತಿರುವ ಹೆಂಗಸರಿಗೆ ಯಾಕೆ ಕೊಡುವುದಿಲ್ಲ ಎನ್ನುವುದು ನನ್ನ ಜಗಳ.

ಅವರ ಮುಂದಿರುವುದು ಮೆಟ್ಟುಗತ್ತಿ. ನಮ್ಮ ಕಡೆ ಬಾಯಿಮಾತಿನಲ್ಲಿ ಮೆಟ್ಗತ್ತಿ. ಕಂಡಿಲ್ಲದವರಿಗಾಗಿ ಹೇಳುತ್ತೇನೆ: ಒಂದು ಮರದ ಮಣೆ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಬಾಗಿದ ಅಲಗು. ಕಾಲಿನಲ್ಲಿ ಮಣೆಯನ್ನು ಮೆಟ್ಟಿ ಹಿಡಿದರೆ ಎರಡೂ ಕೈ ಖಾಲಿ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸಿ, ಒಳಗಿನ ಕಾಯಿಯನ್ನು ಬುಟ್ಟಿಗೆ ಹಾಕಬೇಕು. ಹೇಳಲು ಇಷ್ಟೇ. ಅಲಗು ಸಿಪ್ಪೆಯ ನಾರಿನಲ್ಲಿ ಎಷ್ಟು ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬೆರಳು ಕಣ್ಣಿಗಿಂತ ಮುಂಚೆ ತಿಳಿಯುತ್ತದೆ. ಒಂದು ಎಳೆ ಹೆಚ್ಚಾದರೆ ಕಾಯಿಗೆ ಗಾಯ, ಇನ್ನೊಂದು ಎಳೆ ಹೆಚ್ಚಾದರೆ ಹೆಬ್ಬೆರಳಿಗೆ. ಬೆರಳಿಗೆ ಹಳೇ ಬಟ್ಟೆಯ ಚಿಂದಿ ಸುತ್ತಿಕೊಂಡು, ಅಡಿಕೆಯ ಕರೆಗೆ ಅಂಗೈ ಕಪ್ಪಾಗಿ, ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಈ ಕೆಲಸ ನಡೆಯುತ್ತದೆ. ಕೂಲಿ ಬಹುಪಾಲು ದಿನದ ಲೆಕ್ಕದಲ್ಲಿಲ್ಲ, ಸುಲಿದದ್ದರ ಅಳತೆಯ ಮೇಲೆ. ಕೈ ನಿಧಾನವಾದರೆ ಸಂಜೆಗೆ ಸಿಗುವ ದುಡ್ಡೂ ಕಡಿಮೆ.

ಹಾಗಾಗಿ ಕತ್ತಿಯ ಆಯ್ಕೆ ಇಲ್ಲಿ ಹವ್ಯಾಸದ ಮಾತಲ್ಲ. ಜಯಪುರದಿಂದ ಬಾಳೆಹೊನ್ನೂರಿನವರೆಗೆ, ಕಿಗ್ಗದ ಕಡೆಯ ತೋಟಗಳಲ್ಲಿ, ನಾನು ಕಂಡಂತೆ ಸುಲಿತಕ್ಕೆ ಬರುವ ಅನುಭವಸ್ಥರು ತಮ್ಮ ಕತ್ತಿ ತಾವೇ ತರುತ್ತಾರೆ. ಗೋಣಿತಾಟಿನಲ್ಲಿ ಸುತ್ತಿ, ಬುತ್ತಿಯ ಜೊತೆ ಒಂದೇ ಚೀಲದಲ್ಲಿ. ಒಬ್ಬರ ಮಣೆ ಅಗಲ, ಇನ್ನೊಬ್ಬರದು ಗಿಡ್ಡ. ಮಂಡಿನೋವಿನವರು ಅಲಗನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿಕೊಂಡಿರುತ್ತಾರೆ. ಎಡಗೈಯವರ ಕತ್ತಿ ಬಲಗೈಯವರಿಗೆ ಆಗಿಬರುವುದಿಲ್ಲ. ಕಲ್ಲಿಗೆ ಮಸೆದು ಮಸೆದು ಅಲಗು ಸವೆದು ಅರ್ಧವಾಗಿರುತ್ತದೆ, ಆ ಸವೆತವೇ ಅವರ ಕೈಯ ಓಟಕ್ಕೆ ಸರಿಯಾಗಿ ಬಂದ ಬಾಗು. ಪಟರಿನ ತಲೆಗೆ ಸೀಸ ಅಂಟಿಸುವವನಿಗೂ ಇವರಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ನನಗೆ ಕಾಣುವುದು ಒಂದೇ: ಅವನು ಸೋತರೆ ಆಟ ಹೋಗುತ್ತದೆ, ಇವರಿಗೆ ಹೋಗುವುದು ದಿನದ ಕೂಲಿ.

ನರಸಿಂಹರಾಜಪುರ ತಾಲ್ಲೂಕಿನ ಒಂದು ತೋಟದಲ್ಲಿ ಯಜಮಾನರು ಸುಲಿತದವರಿಗೆಂದು ಒಂದೇ ಅಳತೆಯ ಹತ್ತು ಹನ್ನೆರಡು ಹೊಸ ಕತ್ತಿ ಮಾಡಿಸಿ ತಂದಿದ್ದರು. ಒಳ್ಳೆಯ ಉದ್ದೇಶವೇ. ಎರಡನೆಯ ದಿನಕ್ಕೆ ಹೊಸ ಕತ್ತಿಗಳೆಲ್ಲ ಗೋಡೆಗೊರಗಿದ್ದವು, ಹೆಂಗಸರು ತಂತಮ್ಮ ಹಳೆಯದಕ್ಕೆ ಮರಳಿದ್ದರು. ಯಜಮಾನರು ನನ್ನ ಹತ್ತಿರ, "ನೋಡಿ, ಇದೇ ಇವರ ಹಣೆಬರಹ. ಹಠ. ಹೊಸದು ಕೊಟ್ರೂ ಬೇಡ" ಅಂದರು. ಅಲ್ಲೇ ಕೂತಿದ್ದ ಅರವತ್ತು ದಾಟಿದ ಒಬ್ಬರನ್ನು ಕೇಳಿದೆ. ತಲೆ ಎತ್ತದೆ ಹೇಳಿದರು: "ಹೊಸಾದು ಚೆನ್ನಾಗೇ ಐತೆ ಮಗಾ. ನಂಗೆ ಅದರ ಗುರುತಿಲ್ಲ, ಅದ್ಕೆ ನನ್ನ ಗುರುತಿಲ್ಲ. ಗುರುತಾಗೋ ಅಷ್ಟೊತ್ತಿಗೆ ಕೊಯ್ಲು ಮುಗೀತದೆ. ಆ ಲಾಸು ಯಾರು ಕೊಡ್ತಾರೆ?" ಇದಕ್ಕಿಂತ ಸ್ಪಷ್ಟವಾದ ಅರ್ಥಶಾಸ್ತ್ರ ನನಗೆ ಗೊತ್ತಿಲ್ಲ. ಕಲಿಯುವ ಕಾಲದ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆ ಇದರಲ್ಲಿದೆ. ಆ ಪ್ರಶ್ನೆಗೆ ಉತ್ತರ ಕೊಡದೆ, ಕೇಳಿದವರ ಮೇಲೆ ಹಠದ ಆರೋಪ ಹೊರಿಸಿ ನಾವು ಎದ್ದುಬರುತ್ತೇವೆ.

ಈ ಆರೋಪ ಎಷ್ಟು ಸುಳ್ಳು ಎನ್ನಲು ಮಲೆನಾಡಿನ ಚರಿತ್ರೆಯೇ ಸಾಕ್ಷಿ. ಕೊಳೆರೋಗಕ್ಕೆ ನಮ್ಮ ಹಿರಿಯರು ಕರಡದ ಹುಲ್ಲಿನ ಕೊಟ್ಟೆ ಹೆಣೆದು ಗೊನೆಗೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗದ ಮೂಲ ಒಂದು ಶಿಲೀಂಧ್ರ ಎಂದು ತೋರಿಸಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಫ್ರಾನ್ಸಿನ ದ್ರಾಕ್ಷಿತೋಟದಿಂದ ಬಂದ ಮದ್ದು ಅದು. ಇವತ್ತು ಮಳೆಗಾಲಕ್ಕೆ ಮುಂಚೆ ಆ ನೀಲಿ ನೀರು ಕಾಣದ ಅಡಿಕೆ ತೋಟ ಈ ಮೂರು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಆ ಮದ್ದನ್ನು ಹೊತ್ತು ಮರವೇರಿದವರು ಯಾರು? ಹಠಮಾರಿಗಳು ಎಂದು ನಾವು ಕರೆಯುತ್ತಿರುವ ಕೂಲಿಯವರ ಅಪ್ಪ ಅಜ್ಜಂದಿರು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ದೋಟಿಯನ್ನು ನೋಡಿ. ಗಾಲ್ಫ್ ಕೋಲಿಗೆ ಬಳಸುವ ಕಾರ್ಬನ್ ಫೈಬರ್ ಈಗ ಅಡಿಕೆ ತೋಟಕ್ಕೂ ಬಂದಿದೆ. ನೆಲದಲ್ಲೇ ನಿಂತು ಉದ್ದದ ಹಗುರ ದೋಟಿಯಿಂದ ಗೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಕೊನೆಗಾರರು ಇದನ್ನು ಬೇಡ ಎಂದರೇ? ಒಂದು ಸೀಸನ್ ಕತ್ತು ನೋಯಿಸಿಕೊಂಡು ಕಲಿತವರನ್ನು ನಾನು ಬಲ್ಲೆ. ಮಳೆಗೆ ನೆನೆದು ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಯಿಂದ ಬಂದವರು ಅವರು. ಆ ಹೊಸ ದೋಟಿ ಅವರ ಜೀವಕ್ಕೆ ಒಳ್ಳೆಯದು ಮಾಡುತ್ತದೆಂದು ಅವರಿಗೆ ತಿಳಿಯಿತು, ಹಿಡಿದರು. ಯಾವ ಹೊಸದು ತನ್ನ ಮೈಗೆ ಹಿತ, ಯಾವ ಹಳೆಯದು ತನ್ನ ಕೈಗೆ ಹಿತ ಎಂದು ತೂಗಿ ನೋಡುವ ವಿವೇಕ ಕೆಲಸ ಮಾಡುವವರಲ್ಲಿದೆ. ಅದನ್ನು ಕಾಣದವರು ನಾವು.

ಹಾಗಾದರೆ ಸುಲಿಯುವ ಯಂತ್ರದ ವಿಷಯ ಏನು ಎಂದು ಕೇಳುತ್ತೀರಿ. ಯಂತ್ರ ಬರಲಿ. ಬಂದೂ ಆಗಿದೆ. ಸುಲಿತಕ್ಕೆ ಜನ ಸಿಗದ ತೋಟದವರ ಸಂಕಟ ಸುಳ್ಳಲ್ಲ, ಕೊಯ್ದ ಅಡಿಕೆ ರಾಶಿ ಬಿದ್ದು ಕಾಯುವುದಿಲ್ಲ. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರು ಮುಯ್ಯಾಳು ಮಾಡಿಕೊಂಡು, ಅಕ್ಕಪಕ್ಕದವರು ಸೇರಿ ಸುಲಿದು ಮುಗಿಸುತ್ತಿದ್ದ ಕಾಲ ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಹೋಯಿತು. ಬೆನ್ನು ಬಗ್ಗಿಸಿ ರಾತ್ರಿಯೆಲ್ಲ ಕೂರುವ ಕೆಲಸವನ್ನು ಯಾರ ಮಗಳೂ ಮಾಡದಿರಲಿ ಎನ್ನುವವರ ಆಸೆಯೂ ನ್ಯಾಯದ್ದೇ. ಮೆಟ್ಟುಗತ್ತಿ ಉಳಿಯಲೇಬೇಕು, ಅದು ನಮ್ಮ ಸಂಸ್ಕೃತಿ ಎಂದು ನಾನು ಹೇಳುತ್ತಿಲ್ಲ. ಸಲಕರಣೆ ಬದಲಾಗುವಾಗ ತೀರ್ಮಾನ ಮಾಡುವವರ ಸಾಲಿನಲ್ಲಿ ಅದನ್ನು ಬಳಸುವವರು ಕಾಣುವುದಿಲ್ಲ ಎನ್ನುತ್ತಿದ್ದೇನೆ. ಯಂತ್ರದ ಪ್ರಾತ್ಯಕ್ಷಿಕೆ ನಡೆಯುವಾಗ ಮುಂದಿನ ಕುರ್ಚಿಯಲ್ಲಿ ಕೂರುವವರು ತೋಟದ ಯಜಮಾನರು, ಮಾರುವವರು, ಅಧಿಕಾರಿಗಳು. ಸುಲಿಯುವವರು ಅಂದು ಚಹಾ ಕೊಡುತ್ತಿರುತ್ತಾರೆ.

ಅವರನ್ನು ಕೇಳಿದ್ದರೆ ಯಂತ್ರದ ಬಗ್ಗೆಯೂ ಕೆಲಸಕ್ಕೆ ಬರುವ ಮಾತು ಸಿಗುತ್ತಿತ್ತು. ಶಿವಮೊಗ್ಗದ ಮಾರುಕಟ್ಟೆಯ ದರಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆ ಹೆಸರು, ಬೇರೆಬೇರೆ ಬೆಲೆ. ಸಾಮಾನ್ಯವಾಗಿ ಸರಕಿನದು ಎಲ್ಲಕ್ಕೂ ಮೇಲಿನ ದರ. ಎಳೆಯದು ಯಾವುದು, ಹದವಾದದ್ದು ಯಾವುದು, ಬಲಿತು ಮೀರಿ ಗೊರಬಲಿಗೆ ಹೋಗಬೇಕಾದದ್ದು ಯಾವುದು ಎಂಬ ವಿಂಗಡಣೆ ಸುಲಿಯುವವರ ಕೈಯಲ್ಲಿ, ಸುಲಿಯುತ್ತಲೇ ನಡೆಯುತ್ತದೆ. ಅಲಗು ಸಿಪ್ಪೆಯೊಳಗೆ ಇಳಿಯುವಾಗ ಕೈಗೆ ಸಿಗುವ ಪ್ರತಿರೋಧದಿಂದ ಅವರಿಗೆ ಕಾಯಿಯ ವಯಸ್ಸು ತಿಳಿಯುತ್ತದೆ. ಬೆಟ್ಟೆಗೆ ಹೋಳು ಮಾಡುವುದೂ, ಎಳೆಯದನ್ನು ಸರಕಿಗೆ ಹದವಾಗಿ ಕೆತ್ತುವುದೂ ಕೈಯ ಕೆಲಸ. ಆಮೇಲೆ ಹಂಡೆಯಲ್ಲಿ ಚೊಗರಿನ ಜೊತೆ ಬೆಂದು, ಬಿಸಿಲಲ್ಲಿ ಒಣಗಿ, ಬಣ್ಣ ಬಂದು, ಚೀಲ ಸೇರಿ ಮಂಡಿಗೆ ಹೋದಾಗ ಅದರ ಬೆಲೆಯಲ್ಲಿ ಈ ಕೈಯ ಪಾಲು ಎಷ್ಟಿದೆಯೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಗಾಲ್ಫಿನಲ್ಲಿ 'ಫೀಲ್' ಎಂದು ಕೊಂಡಾಡುವ ವಿದ್ಯೆ ಇಲ್ಲಿ ಬರೀ 'ಕೂಲಿ'. ಪಟರ್ ತೂಗುವವನು ನಿಪುಣ, ಅಡಿಕೆಯ ಹದ ಬಲ್ಲವಳು ಆಳು.

ಇಲ್ಲಿಯವರೆಗೆ ನಾನು ಬೈದದ್ದು ಹಳೆಯದನ್ನು ಕಸವೆಂದು ಎಣಿಸುವವರನ್ನು. ಹಳೆಯದನ್ನು ಪೂಜಿಸುವವರ ಪಾಲೂ ಇದೆ, ಅವರು ನಮ್ಮವರೇ, ಓದುವವರು, ಬರೆಯುವವರು.

ಹೋಂಸ್ಟೇಗಳ ಗೋಡೆಯನ್ನು ನೀವು ನೋಡಿರುತ್ತೀರಿ. ವಾರ್ನಿಷ್ ಬಳಿದ ಮೆಟ್ಟುಗತ್ತಿ, ಪಕ್ಕದಲ್ಲಿ ಕಂದೀಲು, ಕೊಳಗ, ಬೀಸುವ ಕಲ್ಲು. ಅಲಗಿನ ಮೊನೆಯನ್ನು ಮೊಂಡು ಮಾಡಿರುತ್ತಾರೆ, ಅತಿಥಿಗಳ ಮಕ್ಕಳಿಗೆ ತಾಗಬಾರದಲ್ಲ. ಕೆಳಗೆ ಚೀಟಿ: ಮಲೆನಾಡಿನ ಪಾರಂಪರಿಕ ಪರಿಕರ. ಅದನ್ನು ಹೊಡೆದ ಕಮ್ಮಾರ ಯಾರು, ಯಾರ ಕಾಲ ಕೆಳಗಿತ್ತು, ಎಷ್ಟು ಕೊಯ್ಲು ಕಂಡಿತು ಎಂಬ ಒಂದು ಅಕ್ಷರವೂ ಅದರಲ್ಲಿರುವುದಿಲ್ಲ. ಗಾಲ್ಫಿನವರು ಹಳೇ ಪಟರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದರ ಪಕ್ಕ ಆಡಿದವನ ಹೆಸರು, ಪಂದ್ಯ, ವರ್ಷ ಬರೆದಿರುತ್ತಾರೆ. ನಮ್ಮ ಗೋಡೆಯ ಮೇಲಿನ ಕತ್ತಿಗೆ ಬಳಸಿದವರೇ ಇಲ್ಲ, ಅದು ಪರಂಪರೆಯ ಮರದಿಂದ ತಾನಾಗಿ ಉದುರಿದ ಹಾಗೆ ನೇತಾಡುತ್ತಿದೆ. ಎಂದೋ ಒಬ್ಬ ಕಮ್ಮಾರ ಇದನ್ನು ಮೊದಲು ಮಾಡಿಕೊಟ್ಟಾಗ ಇದೂ ಹೊಚ್ಚಹೊಸ ಯಂತ್ರವೇ ಆಗಿತ್ತು, ಇದನ್ನು ಕಂಡೂ ಯಾರೋ ನಕ್ಕಿರಬಹುದು ಎಂಬುದು ಆ ಚೀಟಿ ಬರೆದವರಿಗೆ ಹೊಳೆಯುವುದಿಲ್ಲ.

ಗೋಡೆಯ ಈ ಚೀಟಿ ನಮ್ಮ ಗದ್ಯದಲ್ಲೂ ಅಂಟಿದೆ. ಮಲೆನಾಡಿನ ನೆನಪಿನ ಬರಹಗಳಲ್ಲಿ ಸುಲಿತದ ರಾತ್ರಿ ಬಾರದೆ ಇರುವುದಿಲ್ಲ. ಗ್ಯಾಸ್‌ಲೈಟಿನ ಬೆಳಕು, ಒಲೆಯ ಹೊಗೆ, ಚೊಗರಿನ ವಾಸನೆ, ಅಜ್ಜಿ ಹೇಳಿದ ಕತೆ, ಹೊರಗೆ ಸುರಿಯುವ ಇಬ್ಬನಿ. ಆ ವಾಕ್ಯಗಳ ಕ್ರಿಯಾಪದಗಳನ್ನು ಒಮ್ಮೆ ಗಮನಿಸಿ. "ಸುಲಿತ ನಡೆಯುತ್ತಿತ್ತು." "ಅಡಿಕೆ ಸುಲಿಯಲಾಗುತ್ತಿತ್ತು." "ಬೆಳಗಿನ ಜಾವದ ಹೊತ್ತಿಗೆ ರಾಶಿ ಕರಗುತ್ತಿತ್ತು." ರಾಶಿ ತಾನಾಗಿ ಕರಗಿತೇ? ಸುಲಿದವರು ಯಾರು? ಕತೆ ಹೇಳಿದ ಅಜ್ಜಿಗೆ ಹೆಸರಿದೆ, ಕತೆ ಕೇಳಿದ ಮಗುವಿಗೆ ಮುಂದೆ ಪುಸ್ತಕ ಬರೆಯುವ ಭಾಗ್ಯವಿದೆ, ಕತ್ತಿಯ ಮುಂದೆ ಕೂತವರಿಗೆ ಕರ್ತೃವಾಗುವ ವ್ಯಾಕರಣದ ಹಕ್ಕೂ ಇಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದ್ದೆಂದು ತರಗತಿಯಲ್ಲಿ ಪಾಠ ಮಾಡುವ ನಾವು, ಕೂಲಿಯವರ ವಿಷಯ ಬಂದಾಗ ಮಾತ್ರ ಅದನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ!

ಬೇರೆ ರೀತಿ ಬರೆಯಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು, 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಪ್ರಕಟಿಸಿದರು. ನಾಯಿಗುತ್ತಿ, ತಿಮ್ಮಿ, ಐತ, ಪೀಂಚಲು ಅಲ್ಲಿ ಹೆಗ್ಗಡೆಯವರ ಮನೆಯ ಹಿನ್ನೆಲೆಯಾಗಿ ನಿಂತಿಲ್ಲ. ಅವರಿಗೆ ದಾರಿಯಿದೆ, ಆಸೆಯಿದೆ, ಮೈಯಿದೆ, ಕಾಡಿನ ಬಗ್ಗೆ ಅವರಿಗಷ್ಟೇ ಗೊತ್ತಿರುವ ತಿಳಿವಳಿಕೆಯಿದೆ. ಕುವೆಂಪು ಹುಟ್ಟಿದ ತಾಲ್ಲೂಕು ಎಂದು ಫಲಕ ಹಾಕಿಕೊಳ್ಳುವ ನಾವು ಅವರ ನಂತರದ ಗದ್ಯದಲ್ಲಿ ಆ ಧೈರ್ಯವನ್ನು ಎಷ್ಟು ಮುಂದುವರಿಸಿದೆವು? ಚೊಗರಿನ ವಾಸನೆಯನ್ನು ಉಳಿಸಿಕೊಂಡು, ಚೊಗರು ಹತ್ತಿದ ಕೈಯನ್ನು ಬಿಟ್ಟುಬಿಟ್ಟೆವು.

ವಿಶ್ವವಿದ್ಯಾಲಯದ ವಿಚಾರಸಂಕಿರಣಗಳಲ್ಲಿ ಈ ವಾದ ಮಂಡಿಸಿದಾಗ ಬರುವ ಆಕ್ಷೇಪವೊಂದಿದೆ, ಅದು ಗಟ್ಟಿಯಾದ ಆಕ್ಷೇಪವೇ. ಗಾಲ್ಫಿನವನ ಹಳೇ ಪಟರಿನ ಪ್ರೀತಿ ಉಳ್ಳವರ ವಿನೋದ, ಸುಲಿಯುವವರ ಹಳೇ ಕತ್ತಿಯ ನಂಟು ಬಡತನದ ಅನಿವಾರ್ಯತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅನಿವಾರ್ಯತೆಗೆ ಪ್ರೀತಿಯ ಬಣ್ಣ ಬಳಿದಂತಾಗುವುದಿಲ್ಲವೇ, ಶೋಷಣೆಯನ್ನು ಚಂದಗಾಣಿಸಿದಂತಾಗುವುದಿಲ್ಲವೇ ಎಂದು.

ವ್ಯತ್ಯಾಸ ನಿಜ. ಆದರೆ ಅದು ಎಲ್ಲಿದೆ ಎಂದು ಸರಿಯಾಗಿ ಬೆರಳಿಟ್ಟು ತೋರಿಸಬೇಕು. ಪ್ರೀತಿಯಲ್ಲಾಗಲಿ, ಜಾಣ್ಮೆಯಲ್ಲಾಗಲಿ ಅದು ಇಲ್ಲ, ಆಯ್ಕೆಯಲ್ಲಿದೆ. ಗಾಲ್ಫಿನವನು ಅಂಗಡಿಯಲ್ಲಿ ಹತ್ತು ಪಟರ್ ಹಿಡಿದು ನೋಡಿ, ಹುಲ್ಲಿನ ಮೇಲೆ ನೂರು ಚೆಂಡು ಉರುಳಿಸಿ ನೋಡಿ, ಬೇಡವೆನಿಸಿದರೆ ಹಳೆಯದಕ್ಕೆ ಮರಳಬಹುದು. ಹಾಗೆ ನೋಡುವ ಸಮಯಕ್ಕೆ ಅವನ ಊಟ ತಪ್ಪುವುದಿಲ್ಲ. ಸುಲಿಯುವವರಿಗೆ ಹಾಗೆ ಪರೀಕ್ಷಿಸುವ ಒಂದು ದಿನವೂ ಇಲ್ಲ, ಅಳತೆಯ ಕೂಲಿಯಲ್ಲಿ ಪರೀಕ್ಷೆಗೆಂದು ಕಳೆದ ದಿನ ಉಪವಾಸದ ದಿನ. ಹೀಗಿರುವಾಗ ಅವರ ತಿಳಿವಳಿಕೆಯನ್ನು ಬಡತನವೆಂದು ಹೆಸರಿಟ್ಟು ತಳ್ಳಿಹಾಕುವುದು ಎರಡನೆಯ ಅನ್ಯಾಯ. ಬಡತನ ಅವರಿಂದ ಆಯ್ಕೆಯನ್ನು ಕಸಿದಿದೆ, ಸರಿ. ವಿದ್ಯೆಯನ್ನು ಕಸಿಯುತ್ತಿರುವವರು ಅದನ್ನು ವಿದ್ಯೆಯೆಂದು ಒಪ್ಪದ ನಾವು. ಅನಿವಾರ್ಯತೆಯಲ್ಲೂ ಮನುಷ್ಯರು ಜಾಣರಾಗಿರುತ್ತಾರೆ, ತಮ್ಮ ಸಲಕರಣೆಯನ್ನು ಪ್ರೀತಿಸುತ್ತಾರೆ. ಅದನ್ನು ಒಪ್ಪಿದ ಮಾತ್ರಕ್ಕೆ ಕೂಲಿ ಹೆಚ್ಚಿಸಬೇಕಾದ ಹೊಣೆ ಕಡಿಮೆಯಾಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ವಿದ್ಯೆಗೆ ಆಳಿನ ಬೆಲೆ ಕಟ್ಟಿದ್ದು ತಪ್ಪೆಂದು ಆಗಲೇ ಹೇಳಬಲ್ಲೆವು.

ನವರಾತ್ರಿಯಲ್ಲಿ ಶೃಂಗೇರಿಗೆ ನಾಡೆಲ್ಲ ಹರಿದು ಬರುತ್ತದೆ. ಸುತ್ತಲಿನ ಮನೆಗಳಲ್ಲಿ ಆಯುಧಪೂಜೆಯ ದಿನ ಜೀಪು, ಪಂಪು, ಕಳೆ ಹೊಡೆಯುವ ಮೆಷಿನ್ನು, ಅವುಗಳ ಜೊತೆ ಮೆಟ್ಟುಗತ್ತಿಗೂ ಕುಂಕುಮ ಇಡುತ್ತಾರೆ. ಚೆಂದದ ಪದ್ಧತಿ. ಆದರೆ ವರ್ಷಕ್ಕೊಮ್ಮೆ ಕತ್ತಿಗೆ ಕುಂಕುಮ ಇಟ್ಟು, ಉಳಿದ ದಿನ ಕತ್ತಿಯವರ ಮಾತಿಗೆ ಕಿವಿ ಕೊಡದಿದ್ದರೆ ಆ ಕುಂಕುಮ ಕಬ್ಬಿಣಕ್ಕಷ್ಟೇ ಸೇರಿತು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಹೊಸ ಕತ್ತಿಯೋ ಯಂತ್ರವೋ ತರುವ ಮುಂಚೆ ಅದನ್ನು ಬಳಸುವವರಿಗೆ ತೋರಿಸಿ, ಬಳಸಿ ನೋಡುವ ದಿನಗಳಿಗೆ ಕೂಲಿ ಕೊಡಿ. ಯಂತ್ರ ಬಂದ ಮನೆಯಲ್ಲಿ ವಿಂಗಡಣೆ, ಹೋಳು ಮಾಡುವುದು ಇವಕ್ಕೆ ಉಳಿಯುವ ಕೈಗಳಿಗೆ ನಿಪುಣರ ದರ ಕೊಡಿ. ಹಳೇ ಕತ್ತಿಯನ್ನು ಗೋಡೆಗೆ ಏರಿಸುವವರು ಅದನ್ನು ಹೊಡೆದವರ, ಬಳಸಿದವರ ಹೆಸರನ್ನು ಅವರನ್ನು ಕೇಳಿ, ಅವರ ಒಪ್ಪಿಗೆಯಿಂದ ಬರೆದು ಹಾಕಿ. ಇನ್ನು ನಾವು, ಓದುವ ಬರೆಯುವ ಮಂದಿ, ಸುಲಿತದ ಬಗ್ಗೆ ಬರೆಯುವಾಗ ವಾಕ್ಯಕ್ಕೊಬ್ಬ ಕರ್ತೃವನ್ನು ಇಡೋಣ. "ಸುಲಿಯಲಾಯಿತು" ಎಂದು ಬರೆದ ಕಡೆ "ಸುಲಿದರು" ಎಂದು ತಿದ್ದಲು ಯಾವ ಸಬ್ಸಿಡಿಯೂ ಬೇಡ.

ಇದಕ್ಕೆಲ್ಲ ಸಮಯ ಬಹಳ ಇಲ್ಲ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ, ಅದರ ಮೇಲೆ ಈಚೆಗೆ ಎಲೆಚುಕ್ಕಿಯೂ ಹಬ್ಬಿದೆ. ಮರವೇ ಹೋಗುತ್ತಿರುವಾಗ ಕತ್ತಿಯ ಚರ್ಚೆ ಯಾಕೆ ಎನ್ನುವವರಿದ್ದಾರೆ. ತೋಟ ಸೊರಗಿದಾಗ ಯಜಮಾನರಿಗೆ ಪರಿಹಾರ ಕೇಳಲು ಪಹಣಿಯಿದೆ, ಕಾಫಿಗೋ ಕಾಳುಮೆಣಸಿಗೋ ಹೊರಳಲು ನೆಲವಿದೆ. ಸುಲಿಯುವವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವರ ಆಸ್ತಿ ಗೋಣಿತಾಟಿನಲ್ಲಿ ಸುತ್ತಿದ ಆ ಕತ್ತಿ ಮತ್ತು ಅದರ ಗುರುತಿರುವ ಕೈ. ಅವರು ಬೇರೆ ಕೆಲಸ ಹುಡುಕಿ ಹೋದ ದಿನ ಕತ್ತಿಯನ್ನು ಯಾರಾದರೂ ಸಾವಿರ ರೂಪಾಯಿ ಕೊಟ್ಟು ಕೊಂಡು ಗೋಡೆಗೆ ಹಾಕಿಕೊಳ್ಳುತ್ತಾರೆ. ಆ ಕೈಗೆ ಏನೇನು ಗೊತ್ತಿತ್ತು ಎಂದು ಆಗ ಕೇಳಬೇಕೆನಿಸಿದರೆ, ಉತ್ತರ ಹೇಳುವವರು ಊರಲ್ಲಿ ಇರುವುದಿಲ್ಲ. ಈ ವರ್ಷದ ಕೊಯ್ಲಿಗೆ ಅವರಿನ್ನೂ ಬರುತ್ತಾರೆ. ಕೇಳುವುದಿದ್ದರೆ ಈಗಲೇ ಕೇಳಬೇಕು.